ಲುತಾಯ ಮೇಷ್ಟ್ರ ಮೂರು ಕಾಲಂ

ಎರಿಯಾ ಲುತಾಯ ಮೇಷ್ಟ್ರು ಸುಳ್ಳುಗಾರರಲ್ಲ. ಎದುರಿಗಿದ್ದವರಿಗೆ ಏನು ಕೇಳಿದರೆ ಖುಷಿಯಾಗುತ್ತದೋ ಅದನ್ನು ಮೊದಲು ಹೇಳಿಬಿಡುವುದು, ಆಮೇಲೆ ಅದನ್ನು ನಿಜ ಮಾಡಲು ಬೆವರು ಸುರಿಸುವುದು, ಇಷ್ಟೇ ಅವರ ಜಾಯಮಾನ. ಮಸಾಕಾ ರಸ್ತೆಯ ಬುಲಿರೊ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ‘ಕುಟುಂಬ ಮತ್ತು ಸಮಾಜ’ ಅನ್ನುವ ಪಾಠ ಹೇಳುತ್ತಿದ್ದರು. ವಯಸ್ಸು ಮೂವತ್ತೊಂಬತ್ತು, ಮದುವೆ ಇಲ್ಲ. ಕುಟುಂಬದ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಒಂದು ಕಂದು ನೋಟ್‌ಬುಕ್ಕಿನಲ್ಲಿತ್ತು. ಅದರ ಮೊದಲ ಹದಿನಾಲ್ಕು ಪುಟ ಗೆದ್ದಲಿಗೆ ಆಹುತಿಯಾದ ಮೇಲೆ ಪಾಠ ಹದಿನೈದನೇ ಪುಟದಿಂದ ಶುರುವಾಗುತ್ತಿತ್ತು. ವ್ಯತ್ಯಾಸ ಯಾರಿಗೂ ಗೊತ್ತಾಗಿರಲಿಲ್ಲ.

ಎಲ್ಲ ಸುಖವಾಗಿಯೇ ನಡೆದಿತ್ತು. ಆದರೆ ಪ್ರಿನ್ಸಿಪಾಲ್ ನಕಿತೆಂದೆ ಮೇಡಂ ಕಂಪಾಲಾದಲ್ಲಿ ಮೂರು ದಿನದ ತರಬೇತಿಗೆ ಹೋಗಿಬಂದರು. ತರಬೇತಿಗೆ ಹೋಗಿಬಂದ ಪ್ರಿನ್ಸಿಪಾಲರ ಎದುರಿಗೆ ಯಾರೂ ಸಿಕ್ಕಿಹಾಕಿಕೊಳ್ಳಬಾರದು. ಸೋಮವಾರ ಹತ್ತು ಗಂಟೆಗೆ ಹಾಲು ಚಹಾ, ಬೇಯಿಸಿದ ಗೆಣಸು ಇಟ್ಟು ಎಲ್ಲ ಮೇಷ್ಟ್ರುಗಳನ್ನೂ ಕೂರಿಸಿಕೊಂಡರು.

“ನೋಡಿ, ಕೋರ್ಸು ಅಂದ್ರೆ ಮೂರು ಕಲ್ಲಿನ ಒಲೆ. ಹುಡುಗ್ರು ಕೊನೆಗೆ ಏನು ಮಾಡೋಕೆ ಕಲೀಬೇಕು ಅನ್ನೋದು ಒಂದು ಕಲ್ಲು. ಅದಕ್ಕೆ ಕ್ಲಾಸಲ್ಲಿ ಏನು ಮಾಡಿಸ್ತೀವಿ ಅನ್ನೋದು ಎರಡನೇದು. ಪರೀಕ್ಷೇಲಿ ಏನು ಕೇಳ್ತೀವಿ ಅನ್ನೋದು ಮೂರನೇದು. ಮೂರೂ ಒಂದಕ್ಕೊಂದು ತಾಳೆ ಆಗಬೇಕು. ಈಜು ಕಲಿಸ್ತೀನಿ ಅಂತ ಬರೆದು, ಕ್ಲಾಸಲ್ಲಿ ಕೆರೆ ಚಿತ್ರ ತೋರಿಸಿ, ಪರೀಕ್ಷೇಲಿ ಮೀನಿನ ಬಗ್ಗೆ ಪ್ರಬಂಧ ಕೇಳಿದ್ರೆ ಹೇಗೆ?”

ಎಲ್ಲರೂ ಗೆಣಸು ನೋಡುತ್ತ ಕೂತರು. ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಮೀನಿನ ಪ್ರಬಂಧವೇ ನಡೆದುಬಂದಿತ್ತು.

“ಇನ್ನೊಂದು ವಿಷಯ,” ಅಂದರು ಮೇಡಂ. “ವಿದ್ಯಾರ್ಥಿಗಳು ತಿಳಿಯುವರು, ಅರಿಯುವರು, ಮನಗಾಣುವರು ಅಂತೆಲ್ಲ ಇನ್ಮೇಲೆ ಬರೆಯೋ ಹಾಗಿಲ್ಲ. ತಿಳ್ಕೊಂಡ್ರೋ ಇಲ್ವೋ ಅಂತ ತಲೆ ಬಿಚ್ಚಿ ನೋಡೋಕಾಗುತ್ತಾ? ಕಣ್ಣಿಗೆ ಕಾಣೋ ಕೆಲಸ ಬರೀಬೇಕು. ಕಟ್ಟುವರು, ತಯಾರಿಸುವರು, ನೆರವೇರಿಸುವರು, ಹೀಗೆ. ಇಲ್ಲಿ ಪಟ್ಟಿ ಇದೆ. ಉನ್ನತ ಶಿಕ್ಷಣ ಪರಿಷತ್ತಿನೋರು ಈ ವರ್ಷ ಒಂದು ಕೋರ್ಸನ್ನ ಖುದ್ದಾಗಿ ಬಂದು ನೋಡ್ತಾರೆ. ಯಾರದ್ದಾದ್ರೂ ಇಂಥ ಕೋರ್ಸು ಸಿದ್ಧ ಇದೆಯಾ?”

ಅಷ್ಟು ಆಸೆಯಿಂದ ಕೇಳಿದರು ಪಾಪ. ಆ ಮುಖ ನೋಡಿ ಸುಮ್ಮನಿರಲಾಗದೆ ಲುತಾಯ ಮೇಷ್ಟ್ರು, “ನಂದು ಆಗಲೇ ಆಗಿದೆ ಮೇಡಂ, ಮೂರೂ ಕಾಲಂ ಹಾಕಿ ಇಟ್ಟಿದ್ದೀನಿ,” ಅಂದುಬಿಟ್ಟರು.

“ಹೌದಾ? ಇವತ್ತೇ ನಾಲ್ಕು ಗಂಟೆಗೆ ತಂದ್ಕೊಡಿ.”

ಮೇಷ್ಟ್ರು ಹೊರಗೆ ಬಂದಾಗ ಗಡಿಯಾರದಲ್ಲಿ ಹನ್ನೆರಡು. ಒಂದು ಗಂಟೆಯ ತನಕ ನಡುಗಿದರು, ಎರಡರ ತನಕ ಊಟ ಮಾಡಿದರು, ಎರಡರ ಮೇಲೆ ಕೂತರು. ಕಂದು ನೋಟ್‌ಬುಕ್ಕಿನಲ್ಲಿ ಎಲ್ಲೆಲ್ಲಿ ‘ಅರಿಯುವರು’ ಅಂತ ಇತ್ತೋ ಅಲ್ಲೆಲ್ಲ ಅದನ್ನು ಹೊಡೆದುಹಾಕಿ, ಮೇಡಂ ಕೊಟ್ಟ ಪಟ್ಟಿಯಿಂದ ಒಂದೊಂದೇ ಪದವನ್ನು ಮೇಲಿಂದ ಕೆಳಗೆ ಸರದಿಯ ಪ್ರಕಾರ ಇಳಿಸಿದರು. ನ್ಯಾಯವಾದ ವಿಧಾನ, ಯಾವ ಪದಕ್ಕೂ ಪಕ್ಷಪಾತವಿಲ್ಲ. ‘ಒಟ್ಟು ಕುಟುಂಬ ಒಡೆಯುವ ಬಗೆಯನ್ನು ಅರಿಯುವರು’ ಅಂತಿದ್ದದ್ದು ‘ಒಟ್ಟು ಕುಟುಂಬವನ್ನು ಒಡೆದು ತೋರಿಸುವರು’ ಅಂತಾಯಿತು. ‘ಅವಳಿ ಮಕ್ಕಳ ಜನನದ ಆಚರಣೆಯನ್ನು ಅರಿಯುವರು’ ಅನ್ನುವುದು ‘ಅವಳಿ ಮಕ್ಕಳನ್ನು ತಯಾರಿಸುವರು’ ಅಂತಾಯಿತು. ‘ಕ್ವಂಜುಲಾ ಪದ್ಧತಿಯನ್ನು ಅರಿಯುವರು’ ಅನ್ನುವುದು ‘ಕ್ವಂಜುಲಾವನ್ನು ನೆರವೇರಿಸುವರು’ ಅಂತಾಯಿತು. ಕ್ವಂಜುಲಾ ಅಂದರೆ ಗಂಡಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಹೆಣ್ಣಿನ ಮನೆಗೆ ಹೋಗಿ, ಅಂಗಳದಲ್ಲಿ ಬೈಸಿಕೊಂಡು, ತಟ್ಟೆ ಬುಟ್ಟಿ ಒಪ್ಪಿಸಿ ಹೆಣ್ಣು ಕೇಳುವ ಶಾಸ್ತ್ರ. ಅದಾಗದೆ ಬುಗಾಂಡಾ ಸೀಮೆಯಲ್ಲಿ ಯಾವ ಗಂಡೂ ಅಳಿಯನಲ್ಲ.

ಮೂರೂ ಮುಕ್ಕಾಲಿಗೆ ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಬರೀ ‘ನೆರವೇರಿಸುವರು’ ಸಪ್ಪೆ ಅನ್ನಿಸಿ, ‘ನಿಜವಾದ ಎರಡು ಕುಟುಂಬಗಳ ನಡುವೆ, ಮೊದಲಿಂದ ಕೊನೆಯವರೆಗೆ’ ಅಂತ ಸೇರಿಸಿದರು. ಎರಡನೇ ಕಾಲಮಿನಲ್ಲಿ ‘ಹೆಣ್ಣಿನ ತಂದೆಗೆ ಪತ್ರ ಬರೆಯುವುದು’ ಅಂತ ಹಾಕಿದರು. ಮೂರನೆಯದರಲ್ಲಿ ‘ಪತ್ರ ತಲುಪಿ, ತಂದೆಯಿಂದ ಉತ್ತರ ಬಂದರೆ ಹತ್ತು ಅಂಕ’ ಅಂತ ಹಾಕಿದರು. ಮೂರೂ ಕಲ್ಲು ಸಮ. ಗಂಟೆ ನಾಲ್ಕು.

ನಕಿತೆಂದೆ ಮೇಡಂ ಎರಡು ಸಲ ಓದಿದರು. ಒಟ್ಟು ಕುಟುಂಬ ಒಡೆಯುವುದನ್ನು ಕೆಂಪು ಶಾಯಿಯಲ್ಲಿ ಹೊಡೆದು, “ಇದು ನಮ್ಮೂರಲ್ಲಿ ಕಾಲೇಜಿಗೆ ಬರದೇನೇ ಕಲೀತಾರೆ,” ಅಂದರು. ಅವಳಿ ಮಕ್ಕಳ ಹತ್ತಿರ ಪೆನ್ನು ನಿಲ್ಲಿಸಿ, “ಇದು ಹದಿನೈದು ವಾರದಲ್ಲಿ ಮುಗಿಯೋ ಕೆಲಸ ಅಲ್ಲ ಲುತಾಯ ಅವರೇ, ಬೇರೆ ತೊಂದರೆಗಳೂ ಇವೆ,” ಅಂತ ಅದನ್ನೂ ತೆಗೆದರು. ಕ್ವಂಜುಲಾ ಹತ್ತಿರ ಬಂದವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಜವಾದ ಕುಟುಂಬ, ನಿಜವಾದ ಪತ್ರ. ಕಂಪಾಲಾದ ತರಬೇತೀಲೂ ಇಂಥದ್ದು ತೋರಿಸಲಿಲ್ಲ. ಪರಿಷತ್ತಿಗೆ ನಿಮ್ಮ ಕೋರ್ಸನ್ನೇ ಕಳಿಸ್ತೀನಿ.”

ಹನ್ನೊಂದು ದಿನಕ್ಕೆ ಪರಿಷತ್ತಿನ ಉತ್ತರ ಬಂತು. ಹದಿನಾಲ್ಕನೇ ವಾರದ ಶನಿವಾರ ಅಧಿಕಾರಿ ಒಡೆಕೆ ಅವರು ಅಂತಿಮ ಪರೀಕ್ಷೆಗೆ ಬರುತ್ತಾರೆ. ಬರೆದದ್ದು ಬರೆದ ಹಾಗೆ ನಡೆದರೆ ಕೋರ್ಸು ಮುಂದುವರಿಯುತ್ತದೆ. ಇಲ್ಲದಿದ್ದರೆ ಕೋರ್ಸು ರದ್ದು, ಅದನ್ನು ಹೇಳುವ ಹುದ್ದೆ ರದ್ದು, ನಲವತ್ತೆರಡು ವಿದ್ಯಾರ್ಥಿಗಳು ಆ ವರ್ಷವನ್ನು ಮತ್ತೆ ಓದಬೇಕು. ಇದನ್ನು ಓದಿ ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಓಡಿದರು. ನಾಟಕ ಮಾಡಿಸಿದರೆ ಸಾಲದೇ ಅಂತ ಮೇಡಂ ಹತ್ತಿರ ಮೆತ್ತಗೆ ಕೇಳಿನೋಡಿದರು.

“ನಿಜವಾದ ಕುಟುಂಬ ಅಂತ ನೀವೇ ಬರೆದಿದ್ದೀರಲ್ಲ,” ಅಂದರು ಮೇಡಂ. “ಯಾವ ಕುಟುಂಬ ಅಂತ ನೋಡಿಟ್ಟಿರಬೇಕು ನೀವು.”

“ನೋಡಿಟ್ಟಿದ್ದೀನಿ ಮೇಡಂ,” ಅಂದರು ಮೇಷ್ಟ್ರು. ಅವರ ನಾಲಿಗೆಗೆ ಬೇರೆ ಉತ್ತರ ಅಭ್ಯಾಸವಿರಲಿಲ್ಲ.

ಆ ವಾರ ಪತ್ರದ ಪಾಠ. ತರಗತಿಗೆ ಪ್ರೊಸ್ಕೋವಿಯಾ ಅನ್ನುವ ಹುಡುಗಿ ನಾಯಕಿ. ಅವಳ ದನಿ ಹೇಗಿತ್ತೆಂದರೆ ಅವಳು ಕೊನೆಯ ಬೆಂಚಲ್ಲಿ ಗುಟ್ಟು ಹೇಳಿದರೆ ಗೇಟಿನ ಕಾವಲುಗಾರ ಉತ್ತರ ಕೊಡುತ್ತಿದ್ದ.

“ಸರ್, ಪತ್ರದಲ್ಲಿ ಗಂಡಿನ ಹೆಸರು ಏನು ಹಾಕೋದು?”

“ಯಾವುದಾದ್ರೂ ಹಾಕಮ್ಮ.”

“ನಿಮ್ಮದೇ ಹಾಕಬಹುದಾ?”

ಅವಳು ಅಷ್ಟು ಉತ್ಸಾಹದಿಂದ ಕೇಳುವಾಗ ಇಲ್ಲ ಅನ್ನುವುದು ಹೇಗೆ? “ಹಾಕಿ, ಹಾಕಿ,” ಅಂದರು ಮೇಷ್ಟ್ರು.

“ಹೆಣ್ಣು ಯಾರು ಅಂತ ಬರೆಯೋದು?”

“ಅದು ನಿಮ್ಮ ನಿಮ್ಮ ಕಲ್ಪನೆಗೆ ಬಿಟ್ಟಿದ್ದು,” ಅಂದು ಮೇಷ್ಟ್ರು ಲೈಬ್ರರಿಗೆ ಪುಸ್ತಕ ಕೊಡಲು ಹೊರಟುಹೋದರು. ಅವರು ಬಾಗಿಲು ದಾಟಿದ್ದೇ ತಡ, ತರಗತಿಯಲ್ಲಿ ಸಭೆ ಸೇರಿತು.

“ಇದರಲ್ಲಿ ಕಲ್ಪನೆ ಮಾಡೋಕೆ ಏನಿದೆ?” ಅಂದಳು ಪ್ರೊಸ್ಕೋವಿಯಾ. “ಸರ್ ವಾರಕ್ಕೆ ಮೂರು ಸಲ ಲೈಬ್ರರಿಗೆ ಹೋಗ್ತಾರೆ. ತಗೊಳ್ಳೋ ಪುಸ್ತಕ ಯಾವುದು ಗೊತ್ತಾ? ಹಂದಿ ಸಾಕಣೆ, ಎರಡನೇ ಭಾಗ. ನಾಲ್ಕು ವರ್ಷದಿಂದ ಅದೇ ಪುಸ್ತಕ. ಅವರ ಮನೇಲಿ ಒಂದು ಹಂದಿ ಇದೆಯಾ? ಇಲ್ಲ. ಒಂದನೇ ಭಾಗ ಓದಿದ್ದಾರಾ? ಅದೂ ಇಲ್ಲ. ಲೈಬ್ರರಿ ಮೇಡಂ ಸೀಲು ಒತ್ತೋವಾಗ ಇವರ ಮುಖ ನೋಡಿದ್ದೀರಾ?”

ನೋಡದವರು ಯಾರೂ ಇರಲಿಲ್ಲ. ಲೈಬ್ರರಿಯ ದೆಜಿರಾಂತಾ ಮೂವತ್ನಾಲ್ಕು ವರ್ಷದ ಗಂಭೀರ ಹೆಣ್ಣುಮಗಳು. ಅವಳ ಅಪ್ಪ ಬಾಜಿಲಿಯೊ, ಮೂರು ಊರಾಚೆ ಕಿಬಾಲೆಯಲ್ಲಿರುವ ನಿವೃತ್ತ ಹೆಡ್‌ಮಾಸ್ಟರ್. ನಲವತ್ತೆರಡು ಜನರೂ ಒಂದೊಂದು ಪತ್ರ ಬರೆದರು, ಕೊನೆಗೆ ‘ಇಂತಿ ತಮ್ಮ ವಿಧೇಯ ಎರಿಯಾ ಲುತಾಯ’ ಅಂತ ಹಾಕಿದರು. ಪತ್ರ ತಲುಪಿದರೆ ತಾನೇ ಅಂಕ? ಪ್ರೊಸ್ಕೋವಿಯಾ ಎಲ್ಲವನ್ನೂ ಒಂದು ಬಾಳೆನಾರಿನಲ್ಲಿ ಕಟ್ಟಿ, ಬಾಡಿಗೆ ಬೈಕು ಬೋಡಾ ಹತ್ತಿ, ತಾನೇ ಹೋಗಿ ಬಾಜಿಲಿಯೊ ಅವರ ಕೈಗೆ ಕೊಟ್ಟು ಬಂದಳು.

ಒಂದು ವಾರ ಬಿಟ್ಟು ಕಟ್ಟು ವಾಪಸ್ಸು ಬಂತು. ಬಾಜಿಲಿಯೊ ಹೆಡ್‌ಮಾಸ್ಟರ್ ಮೂವತ್ತಾರು ವರ್ಷ ಪಾಠ ಹೇಳಿದವರು. ಕೈಗೆ ಬರೆದ ಕಾಗದ ಬಂದರೆ ತಿದ್ದದೆ ಬಿಡುವ ಮನುಷ್ಯ ಅಲ್ಲ. ನಲವತ್ತೆರಡನ್ನೂ ತಿದ್ದಿ, ಅಂಕ ಹಾಕಿ, ಮೇಲೊಂದು ಕಾಗದ ಇಟ್ಟಿದ್ದರು. ಮೇಷ್ಟ್ರು ಅದನ್ನು ತರಗತಿಯಲ್ಲೇ ಬಿಚ್ಚಿದರು. ಯಾರದೋ ಹಾಜರಾತಿ ಪತ್ರ ಇರಬೇಕು ಅಂದುಕೊಂಡಿದ್ದರು.

“ಶ್ರೀ ಲುತಾಯ ಅವರಿಗೆ,” ಅಂತ ಜೋರಾಗಿಯೇ ಓದತೊಡಗಿದರು. “ನನ್ನ ಮಗಳನ್ನು ಕೇಳಿ ತಾವು ಬರೆದ ನಲವತ್ತೆರಡು ಪತ್ರಗಳು ತಲುಪಿವೆ. ನನ್ನ ಅನುಭವದಲ್ಲಿ ಇಷ್ಟು ಶ್ರಮ ಪಟ್ಟ ಗಂಡನ್ನು ನೋಡಿಲ್ಲ. ಆದರೆ ಮೂರನೇ ಪತ್ರದಲ್ಲಿ ತಮಗೆ ಮುನ್ನೂರು ದನ, ಒಂಬತ್ತರಲ್ಲಿ ದನವೇ ಇಲ್ಲ, ದೋಣಿ ಇದೆ. ಹದಿನೇಳರಲ್ಲಿ ತಾವು ಹುಟ್ಟು ತಬ್ಬಲಿ, ಇಪ್ಪತ್ತರಲ್ಲಿ ತಂದೆತಾಯಿ ಇಬ್ಬರೂ ಆಶೀರ್ವಾದ ಕಳಿಸಿದ್ದಾರೆ. ಮೂವತ್ತೊಂದನೇ ಪತ್ರ ಬರೆದ ದಿನ ತಮಗೆ ಜ್ವರ ಇದ್ದಿರಬೇಕು, ಇಪ್ಪತ್ತಕ್ಕೆ ಆರು ಅಂಕ, ಆ ಲುತಾಯನಿಗೆ ನಾನು ಹೆಣ್ಣು ಕೊಡುವುದಿಲ್ಲ. ಹನ್ನೆರಡನೇ ಪತ್ರಕ್ಕೆ ಹದಿನೇಳು. ಒಟ್ಟಾರೆ ಸರಾಸರಿ ಹನ್ನೆರಡೂವರೆ, ತೇರ್ಗಡೆ. ತಾವು ಕೇಳಿದ ಹದಿನಾಲ್ಕನೇ ವಾರದ ಶನಿವಾರವೇ ದಿಬ್ಬಣದೊಂದಿಗೆ ಬನ್ನಿ.”

ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೆರಡನೇ ಪತ್ರ ಪ್ರೊಸ್ಕೋವಿಯಾಳದು, ಅವಳು ಬೆಂಚಿನ ಮೇಲೆ ಕುಣಿದಳು. ಮೂವತ್ತೊಂದರವನು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತೇನೆ ಅಂದ. ಮೇಷ್ಟ್ರು ಮಾತ್ರ ಹಲಗೆಗೆ ಒರಗಿ ನಿಂತಿದ್ದರು, ಬೆನ್ನ ಮೇಲೆಲ್ಲ ಬಳಪದ ಪುಡಿ.

“ಏನು ಮಾಡಿದಿರಿ ನೀವು?” ಅಂದರು.

“ಮೂರನೇ ಕಾಲಂ, ಸರ್,” ಅಂದಳು ಪ್ರೊಸ್ಕೋವಿಯಾ. “ಎಲ್ಲರಿಗೂ ಹತ್ತಕ್ಕೆ ಹತ್ತು, ಅಲ್ವಾ?”

ಓಡಿಹೋಗಿ ನಿಲ್ಲಿಸಬಹುದಿತ್ತು. ಮೇಷ್ಟ್ರು ಅದಕ್ಕೇ ಚಪ್ಪಲಿ ಮೆಟ್ಟಿ ಹೊರಟರು ಕೂಡ. ಗೇಟಿನ ಹತ್ತಿರ ಜೋಳ ಸುಡುವ ನಾಲೊಂಗೊ ಅಡ್ಡ ಬಂದಳು. ಅವಳಿ ಹೆತ್ತ ಹೆಂಗಸು, ಊರಿಗೆಲ್ಲ ಬೇಕಾದವಳು, ಸುದ್ದಿಗಂತೂ ಅವಳೇ ಮೂಲ.

“ಮೇಷ್ಟ್ರೇ, ಕೊನೆಗೂ ಬಾಯಿ ಬಿಟ್ಟಿರಂತೆ. ಅದೂ ನಲವತ್ತೆರಡು ಸಲ. ನಮ್ಮೆಜಮಾನರು ನನಗೆ ಒಂದೇ ಸಲ ಹೇಳಿದ್ದು, ಅದೂ ಮಳೆ ಬರುತ್ತೆ ಒಳಗೆ ಬಾ ಅಂತ.”

“ಅದು ಪರೀಕ್ಷೆ, ನಾಲೊಂಗೊ.”

“ಪರೀಕ್ಷೆನೇ ಮತ್ತೆ. ಮದುವೆ ಅಂದ್ರೆ ಇನ್ನೇನು? ನಿಮ್ಮ ಅತ್ತೆಗೆ ಹೇಳಿ ಕಳಿಸಿದ್ದೀನಿ, ನಾಳೆ ಬರ್ತಾರೆ.”

ಅತ್ತೆ ಯಯೇರಿ ನಾಳೆಯವರೆಗೆ ಕಾಯುವ ಜಾತಿಯಲ್ಲ. ಅವತ್ತೇ ಸಂಜೆ ಐದರ ಗಾಡಿಯಲ್ಲಿ ಬಂದಿಳಿದರು, ಒಂದು ಕಂಕುಳಲ್ಲಿ ಚಾಪೆ, ಇನ್ನೊಂದರಲ್ಲಿ ಹುಂಜ. ಮೇಷ್ಟ್ರ ಅಪ್ಪನ ಅಕ್ಕ. ಹದಿನೈದು ವರ್ಷದಿಂದ ಪ್ರತಿ ಕ್ರಿಸ್ಮಸ್ಸಿಗೂ ಅವರು ಮದುವೆ ಯಾವಾಗ ಅಂತ ಕೇಳುವುದು, ಇವರು ಮುಂದಿನ ವರ್ಷ ಅನ್ನುವುದು ನಡೆದೇ ಇತ್ತು. ಜಗುಲಿಯ ಮೇಲೆ ಕೂತವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಎರಿಯಾ, ನಾನು ಸತ್ತ ಮೇಲೆ ನಿನ್ನ ದಿಬ್ಬಣ ಹೊರಡುತ್ತೆ ಅಂದ್ಕೊಂಡಿದ್ದೆ ಕಣೋ. ಇವತ್ತು ನನ್ನ ಮೊಣಕಾಲು ನೋವೇ ಹೋಯ್ತು ನೋಡು.” ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. “ಬಸ್ಸಿಗೆ ಹೇಳಿದ್ದೀನಿ. ನಿಮ್ಮಪ್ಪನ ಕಡೆ ಮೂವತ್ತು ಜನ, ನಿಮ್ಮಮ್ಮನ ಕಡೆ ಬೇಡ ಅಂದ್ರೂ ಇಪ್ಪತ್ತು.”

“ಅತ್ತೆ, ಇದು ಕಾಲೇಜಿನ...”

“ಕಾಲೇಜಿನವರೂ ಬರಲಿ. ನಾನು ಬೇಡ ಅಂದ್ನಾ?”

ಹದಿನೈದು ವರ್ಷದ ಮೇಲೆ ಕುಣಿದ ಮುದುಕಿಗೆ ಯಾವ ಬಾಯಲ್ಲಿ ಹೇಳುವುದು? ಮೇಷ್ಟ್ರು ಹುಂಜಕ್ಕೆ ಕಾಳು ಹಾಕಿದರು.

ಮಾರನೇ ದಿನ ಲೈಬ್ರರಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಒಳಗೆ ಹೋದರು. ದೆಜಿರಾಂತಾ ಸೀಲಿನ ಮಸಿ ಒರೆಸುತ್ತಿದ್ದಳು. ಹಂದಿ ಸಾಕಣೆ ಎರಡನೇ ಭಾಗವನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ತಲೆ ತಗ್ಗಿಸಿದರು.

“ಅಪ್ಪ ಎಲ್ಲ ಪತ್ರಾನೂ ನನಗೆ ತೋರಿಸಿದ್ರು,” ಅಂದಳು ಅವಳು. “ನಲವತ್ತೆರಡು ಕೈಬರಹ. ನಿಮ್ಮದು ಒಂದೂ ಇಲ್ಲ.”

“ಅದು ಹುಡುಗರ... ಪರಿಷತ್ತಿನವರು... ಮೂರು ಕಾಲಂ ಅಂತ...”

“ಗೊತ್ತಿದೆ ನನಗೆ. ನಿಮ್ಮ ಕಾಲಂ ಟೈಪ್ ಮಾಡಿದ್ದೇ ನಾನು.” ಅವಳು ಸೀಲು ಒತ್ತಿದಳು, ಎಂದಿಗಿಂತ ಸ್ವಲ್ಪ ಜೋರಾಗಿ. “ನಲವತ್ತೆರಡು ಮಕ್ಕಳ ವರ್ಷ ಹಾಳಾಗೋದು ನನಗೂ ಇಷ್ಟ ಇಲ್ಲ. ದಿಬ್ಬಣ ಬರಲಿ. ಅಂಗಳದಲ್ಲಿ ಅಪ್ಪ ಎಲ್ಲರ ಮುಂದೆ ನನ್ನನ್ನ ಕೇಳ್ತಾರೆ, ಈ ಜನ ನಿನಗೆ ಗೊತ್ತಾ ಅಂತ. ಆಗ ನಾನು ಸುಳ್ಳು ಹೇಳೋಳಲ್ಲ.”

“ಏನು ಹೇಳ್ತೀರಿ?”

“ನಿಜ ಏನಿದೆಯೋ ಅದು,” ಅಂದು ಅವಳು ಮುಂದಿನವರನ್ನು ಕರೆದಳು. ಹಿಂದೆ ಯಾರೂ ಇರಲಿಲ್ಲ.

ಅಲ್ಲಿಂದ ಎಂಟು ವಾರ ಮೇಷ್ಟ್ರು ರಾತ್ರಿ ಹಗಲು ದೆಜಿರಾಂತಾಳಿಗೆ ಒಂದೇ ಒಂದು ಪತ್ರ ಬರೆಯಲು ನೋಡಿದರು. ‘ಪ್ರಿಯ’ ಅಂತ ಬರೆದು ಹರಿದರು, ‘ಮಾನ್ಯ’ ಅಂತ ಬರೆದು ಹರಿದರು. ಕಂದು ನೋಟ್‌ಬುಕ್ಕಿನ ಖಾಲಿ ಹಾಳೆಗಳೆಲ್ಲ ಮುಗಿದುಹೋದವು. ಅತ್ತ ಕಾಲೇಜಿನಲ್ಲಿ ಮಾತ್ರ ಹಬ್ಬ. ಗಂಡಿನ ಕಡೆಯ ವಕ್ತಾರಿಕೆಗೆ ಪ್ರೊಸ್ಕೋವಿಯಾ ನಿಂತಳು, ಬೈಗುಳ ಕಲಿಯಲು ನಾಲೊಂಗೊ ಹತ್ತಿರ ಟ್ಯೂಷನ್ನಿಗೆ ಹೋದಳು. ಹುಡುಗಿಯರು ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಕಾರಿಡಾರಿನಲ್ಲಿ ಮಂಡಿ ಊರುವುದು ಅಭ್ಯಾಸ ಮಾಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತರಗತಿಗೆ ಒಬ್ಬರೂ ಚಕ್ಕರ್ ಹೊಡೆಯಲಿಲ್ಲ. ಮೇಡಂ ಕಿಟಕಿಯಿಂದ ನೋಡಿ ನೋಡಿ ಹಿಗ್ಗಿದರು.

ಶನಿವಾರ ಬಂತು. ಕಿಬಾಲೆಯಲ್ಲಿ ಬಾಜಿಲಿಯೊ ಅವರ ಅಂಗಳಕ್ಕೆ ಎರಡು ಡೇರೆ, ಎದುರುಬದುರು. ಹೆಣ್ಣಿನ ಕಡೆಯವರು ಒಂದರಲ್ಲಿ, ಗಂಡಿನ ಕಡೆಯವರಿಗೆ ಇನ್ನೊಂದು. ನಡುವೆ ಒಂದು ಒಂಟಿ ಮೇಜು ಹಾಕಿಕೊಂಡು ಪರಿಷತ್ತಿನ ಅಧಿಕಾರಿ ಒಡೆಕೆ ಕೂತಿದ್ದರು. ಟೆಸೊ ಕಡೆಯ ಎತ್ತರದ ಮನುಷ್ಯ, ನಲವತ್ತರ ಮೇಲೆ ವಯಸ್ಸು, ಇಸ್ತ್ರಿ ಕಾಣದ ಅಂಗಿ, ಕೈಯಲ್ಲಿ ಅರವತ್ತು ಕಲಮಿನ ನಮೂನೆ. ದಿಬ್ಬಣದಲ್ಲಿದ್ದ ಹುಡುಗರೆಲ್ಲ ಕಾಂಜು ಅನ್ನುವ ಉದ್ದದ ಬಿಳಿ ನಿಲುವಂಗಿ, ಹುಡುಗಿಯರೆಲ್ಲ ಗೊಮೆಸಿ ಅನ್ನುವ ಬಣ್ಣದ ಉದ್ದ ಉಡುಪು ತೊಟ್ಟಿದ್ದರು. ಪ್ರತಿಯೊಬ್ಬರ ಎದೆಯ ಮೇಲೂ ಪರೀಕ್ಷೆಯ ನೋಂದಣಿ ಸಂಖ್ಯೆ, ಪಿನ್ನು ಹಾಕಿ ಚುಚ್ಚಿದ್ದರು.

ಗೇಟಿನಲ್ಲೇ ಹೆಣ್ಣಿನ ಕಡೆಯ ವಕ್ತಾರ ತಡೆದ. ಬಾಜಿಲಿಯೊ ಅವರ ಹಳೇ ಶಿಷ್ಯ, ಊರಿನ ಕ್ವಂಜುಲಾಗಳಲ್ಲೆಲ್ಲ ಬೈದು ಬೈದು ಪಳಗಿದ ಮುದುಕ.

“ಯಾರಪ್ಪ ನೀವು? ಸೆರೆಮನೆಯಿಂದ ತಪ್ಪಿಸಿಕೊಂಡು ಬಂದಿರೋ ಹಾಗಿದೆ, ಎದೆ ಮೇಲೆ ನಂಬರು.”

“ನಂಬರು ಹಾಕಿಕೊಂಡು ಬಂದದ್ದು ನಿಮಗೆ ಎಣಿಸೋಕೆ ಬರುತ್ತಾ ಅಂತ ನೋಡೋಕೆ, ಅಜ್ಜಾ,” ಅಂದಳು ಪ್ರೊಸ್ಕೋವಿಯಾ.

“ಹೆಣ್ಣುಮಗಳು ವಕ್ತಾರೆಯಾ? ನಿಮ್ಮಲ್ಲಿ ಗಂಡಸರ ಬಾಯಿಗೆ ಏನಾಗಿದೆ?”

“ನಿಮ್ಮ ಬಾಳೆಹಣ್ಣಿನ ಹೆಂಡದ ವಾಸನೆ ಬಂತು ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ.”

ಎರಡೂ ಡೇರೆ ಹೋ ಅಂದಿತು. ಒಡೆಕೆ ತಲೆಯೆತ್ತಿ, “ಇದು ಬೈಗುಳವೋ, ಪ್ರತ್ಯುತ್ತರವೋ? ನನ್ನ ನಮೂನೆಯಲ್ಲಿ ಬೇರೆ ಬೇರೆ ಕಲಂ ಇದೆ,” ಅಂತ ಕೇಳಿದರು. ಇಬ್ಬರೂ ವಕ್ತಾರರು ಜಗಳ ನಿಲ್ಲಿಸಿ, ಪ್ರತ್ಯುತ್ತರ ಅಂತ ಒಮ್ಮತದಿಂದ ತೀರ್ಮಾನಿಸಿ, ಮತ್ತೆ ಜಗಳ ಶುರುಮಾಡಿದರು. ಐದು ನಿಮಿಷ ತಡವಾಗಿದ್ದಕ್ಕೆ ದಿಬ್ಬಣಕ್ಕೆ ದಂಡ ಬಿತ್ತು. ಬಸ್ಸು ಕೆಟ್ಟಿತ್ತು ಅಂದದ್ದಕ್ಕೆ ಇನ್ನೊಂದು ದಂಡ. ಬುಟ್ಟಿಗಳು ಬಂದವು, ಬಾಳೆಗೊನೆ, ಸಕ್ಕರೆ, ಉಪ್ಪು, ಹೆಣ್ಣಿನ ತಮ್ಮನಿಗೆ ಹುಂಜ. ಮೂವತ್ತೊಂದನೇ ನಂಬರಿನವನು ಹುಂಜ ಕೈಬಿಟ್ಟು, ಡೇರೆ ಎರಡು ಸುತ್ತು ಓಡಿ ಹಿಡಿದು ತಂದ. ಒಡೆಕೆ ಅವನಿಗೆ ಪೂರ್ತಿ ಅಂಕ ಕೊಟ್ಟರು, ಛಲಕ್ಕೆ ಅಂತ.

ಇಷ್ಟರಲ್ಲೆಲ್ಲ ಗಂಡು ಬಾಯಿ ತೆರೆಯುವ ಹಾಗಿಲ್ಲ. ಕ್ವಂಜುಲಾದಲ್ಲಿ ಮದುವೆ ಗಂಡು ದಿಬ್ಬಣದ ನಡುವೆ ಮೂಗನ ಹಾಗೆ ಕೂತಿರಬೇಕು, ಅವನ ಮಾತೆಲ್ಲ ವಕ್ತಾರೆಯದು. ಲುತಾಯ ಮೇಷ್ಟ್ರು ಸಾಲಿನ ನಾಲ್ಕನೆಯವರಾಗಿ ಕೂತಿದ್ದರು. ಕಾಂಜು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ಅತ್ತೆ ಯಯೇರಿ ಖುಷಿಗೆ ಎರಡು ಸಲ ನಾಲಿಗೆ ಹೊರಳಿಸಿ ಉಲುಲು ಕೂಗು ಹಾಕಿ, ಮೂರನೆಯದಕ್ಕೆ ಉಸಿರು ಕೂಡಿಸಿಕೊಳ್ಳುತ್ತಿದ್ದರು.

ದೆಜಿರಾಂತಾ ಮನೆಯೊಳಗಿಂದ ಬಂದಳು. ಹಸಿರು ಗೊಮೆಸಿ ಉಟ್ಟಿದ್ದಳು. ಮೇಷ್ಟ್ರು ಆ ಮುಖವನ್ನು ನಾಲ್ಕು ವರ್ಷ ನೋಡಿದ್ದರೂ ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಅವಳು ಅಪ್ಪನ ಎದುರು ಚಾಪೆಯ ಮೇಲೆ ಮಂಡಿ ಊರಿದಳು. ಬಾಜಿಲಿಯೊ ಹೆಡ್‌ಮಾಸ್ಟರ್ ಕನ್ನಡಕ ಏರಿಸಿಕೊಂಡು, ಶಾಲೆಯ ದನಿಯಲ್ಲಿ ಕೇಳಿದರು.

“ಮಗಳೇ, ಈ ಜನ ನಿನ್ನ ಹೆಸರು ಹೇಳಿಕೊಂಡು ಬಂದಿದ್ದಾರೆ. ಇವರು ನಿನಗೆ ಗೊತ್ತಾ?”

ಒಡೆಕೆ ಪೆನ್ನು ಎತ್ತಿ ಹಿಡಿದರು. ಐವತ್ತೆಂಟನೇ ಕಲಂ.

“ಈ ಹುಡುಗ್ರೆಲ್ಲ ಗೊತ್ತು ಅಪ್ಪಾ,” ಅಂದಳು ದೆಜಿರಾಂತಾ. “ಒಬ್ಬೊಬ್ಬರ ಕೈಬರಹಾನೂ ಗೊತ್ತು. ಇವರ ಮೇಷ್ಟ್ರು ಲೈಬ್ರರಿಗೆ ಬರ್ತಾರೆ, ಮುಖ ಗೊತ್ತು. ಆದ್ರೆ ಆ ಮನುಷ್ಯ ಏನು ಅಂತ ನನಗೆ ಗೊತ್ತಿಲ್ಲ. ನನಗೆ ಅಂತ ಅವರು ಒಂದು ಮಾತೂ ಆಡಿಲ್ಲ.”

ಹೆಣ್ಣು ಗೊತ್ತಿಲ್ಲ ಅಂದರೆ ದಿಬ್ಬಣ ಬುಟ್ಟಿ ಹೊತ್ತುಕೊಂಡು ವಾಪಸ್ಸು ಹೋಗಬೇಕು, ಅದು ರೂಢಿ. ಪ್ರೊಸ್ಕೋವಿಯಾ ಜೀವನದಲ್ಲಿ ಮೊದಲ ಸಲ ಬಾಯಿ ತೆರೆದು ಮಾತು ಸಿಗದೆ ನಿಂತಳು. ಒಡೆಕೆಯ ಪೆನ್ನು ಕಾಗದದ ಕಡೆ ಇಳಿಯತೊಡಗಿತು. ನಕಿತೆಂದೆ ಮೇಡಂ ಮುಖ ಮುಚ್ಚಿಕೊಂಡರು. ಅತ್ತೆ ಕೂಡಿಸಿಟ್ಟ ಉಸಿರು ಹಾಗೆಯೇ ಹೊರಗೆ ಹೋಯಿತು.

ಆಗ ನಾಲ್ಕನೇ ಕುರ್ಚಿಯಿಂದ ಲುತಾಯ ಮೇಷ್ಟ್ರು ಎದ್ದು ನಿಂತರು.

“ಕೂತ್ಕೊಳ್ಳಯ್ಯ,” ಅಂದ ಮುದುಕ ವಕ್ತಾರ. “ಗಂಡು ಮಾತಾಡೋ ಹಾಗಿಲ್ಲ.”

“ದಂಡ ಹಾಕಿ,” ಅಂದರು ಮೇಷ್ಟ್ರು. “ದೆಜಿರಾಂತಾ ಅವರೇ, ನನಗೆ ಮುನ್ನೂರು ದನ ಇಲ್ಲ, ದೋಣಿ ಇಲ್ಲ. ಒಂದು ಸೈಕಲ್ ಇದೆ, ಏರಿನಲ್ಲಿ ಚೈನು ಕಳಚುತ್ತೆ. ನನಗೆ ಹಂದಿ ಅಂದ್ರೆ ಹೆದರಿಕೆ. ಆ ಪುಸ್ತಕ ಒಂದು ಪುಟಾನೂ ಓದಿಲ್ಲ. ನಿಮ್ಮ ಮೇಜಿನ ಮುಂದೆ ನಿಲ್ಲೋಕೆ ಅಷ್ಟು ಹೊತ್ತು ಬೇಕಿತ್ತು, ಅದಕ್ಕೆ ತಗೋತಿದ್ದೆ. ಎಂಟು ವಾರ ಪತ್ರ ಬರೆಯೋಕೆ ನೋಡಿದೆ, ಆಗಲಿಲ್ಲ. ಎಲ್ಲರಿಗೂ ಹಿತವಾಗೋ ಮಾತು ನನಗೆ ಬರುತ್ತೆ, ನನಗೆ ಬೇಕಾದ ಮಾತು ಬರೋದಿಲ್ಲ. ಮೇಡಂ, ಕೋರ್ಸು ಸಿದ್ಧ ಇದೆ ಅಂದದ್ದೂ ಸುಳ್ಳು, ಅವತ್ತು ಎರಡು ಗಂಟೇಲಿ ಗೀಚಿದ್ದು. ಒಡೆಕೆ ಸಾಹೇಬ್ರೇ, ಇದನ್ನೂ ಬರ್ಕೊಳ್ಳಿ. ದೆಜಿರಾಂತಾ ಅವರೇ, ನಾಲ್ಕು ವರ್ಷದಿಂದ ನನಗೆ ನೀವು ಬೇಕು. ಅಷ್ಟೇ.”

ಕೂತುಬಿಟ್ಟರು.

ದೆಜಿರಾಂತಾ ಅಪ್ಪನ ಕಡೆ ತಿರುಗಿದಳು. ಲೈಬ್ರರಿಯಲ್ಲಿ ಯಾರೂ ಕಾಣದಿದ್ದ ಒಂದು ನಗು ಅವಳ ಮುಖದಲ್ಲಿ ಮೂಡಿತ್ತು.

“ಈಗ ಗೊತ್ತಾಯ್ತು ಅಪ್ಪಾ,” ಅಂದಳು.

ಅತ್ತೆ ಯಯೇರಿಯ ಉಲುಲು ಅಂಗಳ ದಾಟಿ ಬಾಳೆತೋಟದಾಚೆ ರಸ್ತೆಗೆ ಹೋಯಿತು. ಮಿಕ್ಕ ಹೆಂಗಸರೆಲ್ಲ ಅದನ್ನು ಎತ್ತಿಕೊಂಡರು. ತಮಟೆ ಬಡಿಯಲು ಶುರುವಾಯಿತು, ನಲವತ್ತೆರಡು ನಂಬರುಗಳು ಅಂಗಳದಲ್ಲಿ ಕುಣಿದವು. ಬಾಜಿಲಿಯೊ ಹೆಡ್‌ಮಾಸ್ಟರ್ ಮೇಷ್ಟ್ರ ಹತ್ತಿರ ಬಂದು, “ಮೌಖಿಕ ಪರೀಕ್ಷೆ ಹತ್ತೊಂಬತ್ತು,” ಅಂದು ತಬ್ಬಿಕೊಂಡರು. ಒಂದು ಅಂಕ ಎಲ್ಲಿ ಹೋಯಿತು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರು ಮಾತ್ರ ಅಳುತ್ತ ನಗುತ್ತ, ಯಾರು ಕೈ ಕೊಟ್ಟರೂ ಕುಲುಕುತ್ತ ನಿಂತಿದ್ದರು. ಅವರಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಊಟಕ್ಕೆ ಕೂತರು. ಬಾಳೆಲೆಯಲ್ಲಿ ಹಬೆಯಾಡುವ ಬೇಯಿಸಿದ ಬಾಳೆಕಾಯಿಯ ಮಟೋಕೆ, ಕಡಲೆಕಾಯಿ ಸಾರು, ಕೋಳಿ. ಒಡೆಕೆ ಮೂರನೇ ತಟ್ಟೆ ಮುಗಿಸಿ, ಕೈ ತೊಳೆದು, ನಮೂನೆ ಎತ್ತಿಕೊಂಡರು. ನಕಿತೆಂದೆ ಮೇಡಂ ಎದ್ದು ನಿಂತರು.

“ಫಲಿತಾಂಶ ಹೇಳ್ತೀನಿ,” ಅಂದರು ಒಡೆಕೆ. “ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಇಂಥ ಪರೀಕ್ಷೆ ನೋಡಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು, ಅದು ನಮೂನೆಯಲ್ಲಿಲ್ಲ. ಆದರೆ ಮೊದಲ ಕಾಲಮಿನಲ್ಲಿ ಏನಿದೆ? ವಿದ್ಯಾರ್ಥಿಗಳು ಕೊನೆಯವರೆಗೆ ನೆರವೇರಿಸುವರು. ಕೊನೆಗೆ ನೆರವೇರಿಸಿದ್ದು ಯಾರು? ಮೇಷ್ಟ್ರು. ಮೊದಲನೇದಕ್ಕೂ ಮೂರನೇದಕ್ಕೂ ತಾಳೆ ಆಗ್ತಿಲ್ಲ.”

ತಮಟೆ ನಿಂತಿತು.

“ಕೋರ್ಸು ರದ್ದು ಮಾಡೋದಿಲ್ಲ, ಮಾಡೋಕೆ ಮನಸ್ಸೂ ಇಲ್ಲ. ಮರುಪರೀಕ್ಷೆ ಕೊಡ್ತೀನಿ. ಎಂಟು ವಾರದೊಳಗೆ ಇನ್ನೊಂದು ನಿಜವಾದ ಕ್ವಂಜುಲಾ, ಬೇರೆ ಕುಟುಂಬ, ಬೇರೆ ಗಂಡು. ಈ ಸಲ ಗಂಡು ಬಾಯಿ ಬಿಡಬಾರದು. ನಾನೇ ಬಂದು ನೋಡ್ತೀನಿ.”

“ಬೇರೆ ಗಂಡನ್ನ ಎಲ್ಲಿಂದ ತರೋದು ಸರ್?” ಅಂದಳು ಪ್ರೊಸ್ಕೋವಿಯಾ.

“ಅದು ಪರಿಷತ್ತಿನ ಕೆಲಸ ಅಲ್ಲಮ್ಮ,” ಅಂದು ಒಡೆಕೆ ನಮೂನೆ ಮಡಚಿ ಜೇಬಿಗಿಡಲು ಹೋದರು. ಜೇಬು ಒಂದು ಕಡೆ ಹರಿದು ನೇತಾಡುತ್ತಿತ್ತು, ಕಾಗದ ನೆಲಕ್ಕೆ ಬಿತ್ತು.

ಅತ್ತೆ ಯಯೇರಿ ಅದನ್ನು ಎತ್ತಿಕೊಟ್ಟರು. ಕೊಡುವಾಗ ಜೇಬು ನೋಡಿದರು, ಎರಡು ಗುಂಡಿ ಇಲ್ಲದ ಅಂಗಿ ನೋಡಿದರು, ಬರಿದಾದ ಮೂರು ತಟ್ಟೆ ನೋಡಿದರು. ಆಮೇಲೆ ತಮ್ಮ ಚಾಪೆಯನ್ನು ಅಧಿಕಾರಿಯ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು ಕೂತರು.

“ಮಗಾ, ಮನೇಲಿ ಈ ಜೇಬು ಹೊಲಿಯೋರು ಯಾರೂ ಇಲ್ವಾ?”

“ಇಲ್ಲ ತಾಯಿ. ಊರೂರು ತಿರುಗೋ ಕೆಲಸ, ಅದಕ್ಕೆಲ್ಲ ಪುರಸೊತ್ತೇ ಆಗಲಿಲ್ಲ.”

“ನಿಮ್ಮ ಕುಲ ಯಾವುದು? ತಂದೆ ತಾಯಿ ಎಲ್ಲಿದ್ದಾರೆ?”

ಅತ್ತೆಯ ಹಿಂದೆ ಸದ್ದಿಲ್ಲದೆ ನಲವತ್ತೆರಡು ಪೆನ್ನು ಹೊರಬಂದವು. ಪ್ರೊಸ್ಕೋವಿಯಾ ಎಲ್ಲರಿಗೂ ಕಾಗದ ಹಂಚಿದಳು. ಒಡೆಕೆ ಕರ್ತವ್ಯನಿಷ್ಠ ಮನುಷ್ಯ, ಮಾಹಿತಿ ಕೇಳಿದರೆ ಇಲ್ಲ ಅನ್ನುವವರಲ್ಲ. ಹೊಟ್ಟೆ ತುಂಬ ಉಂಡ ಸಂತೋಷದಲ್ಲಿ ತಮ್ಮ ಪೂರ್ತಿ ಹೆಸರು, ಕುಲ, ಹಳ್ಳಿ, ವಯಸ್ಸು ಎಲ್ಲ ಹೇಳಿದರು. ಹುಡುಗರು ಬರೆದುಕೊಳ್ಳುತ್ತಿರುವುದು ಕಂಡು, ತಪ್ಪಾಗಬಾರದು ಅಂತ ಇನ್ನೊಮ್ಮೆ ನಿಧಾನವಾಗಿ ಹೇಳಿದರು.